ಐನಾಪುರದವರೆಗೆ ಎರಡು ಸೈಕಲ್

ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಗೋವಾ ಕಡೆಯ ಒಬ್ಬ ಗಾರ್ಡು ಇದ್ದ. ಅವನಿಗೆ ವರ್ಗವಾದಾಗ ಅವನ ಹೆಂಡತಿ ಮನೆಯ ಸಾಮಾನನ್ನೆಲ್ಲ ಮಾರಾಟಕ್ಕಿಟ್ಟಳು. ಮೇಜು ಹೋಯಿತು, ಮಂಚ ಹೋಯಿತು, ಕೋಳಿಗೂಡೂ ಹೋಯಿತು. ಯಾರೂ ಕೇಳದೆ ಉಳಿದದ್ದು ಅವಳ ಸೈಕಲ್ ಒಂದೇ. ನಡುವೆ ಅಡ್ಡಕಂಬಿ ಇಲ್ಲದ ಹೆಂಗಸರ ಸೈಕಲ್ ಅದು. ನನ್ನ ಯಜಮಾನರು ಅದನ್ನು ಕೊಂಡು ತಂದು ಅಂಗಳದ ಗೋಡೆಗೆ ಒರಗಿಸಿ, ನೀನೂ ಕಲಿ ಅಂದರು.

ಆಗ ನನಗೆ ಇಪ್ಪತ್ತನಾಲ್ಕು. ಇವರಿಗೆ ಮೂವತ್ತೊಂದು. ಇವರು ಗೂಡ್ಸ್ ಕಚೇರಿಯಲ್ಲಿ ಗುಮಾಸ್ತರು. ಯಾರ್ಡಿಗೆ ಬಂದ ಗೂಡ್ಸ್ ರೈಲಿನ ಡಬ್ಬಿಗಳ ನಂಬರು ಬರೆದುಕೊಳ್ಳುವುದು, ಅವುಗಳಿಗೆ ಚೀಟಿ ಅಂಟಿಸುವುದು ಇವರ ಕೆಲಸ. ನಾಲ್ಕು ವರ್ಷದ ಒಬ್ಬ ಮಗಳಿದ್ದಳು. ಅತ್ತೆ ಮಾವ ಹತ್ತಿರದ ಶಹಾಬಾದಿನಲ್ಲಿದ್ದರು. ನಮ್ಮದು ವೈಷ್ಣವರ ಮನೆ. ಮಡಿ, ಮುಸುರೆ, ಏಕಾದಶಿ ಎಲ್ಲ ಕಟ್ಟುನಿಟ್ಟು. ಅಂಥ ಮನೆಯ ಸೊಸೆ ಸೈಕಲ್ ಹೊಡೆಯುವುದೆಂದರೆ ಶಹಾಬಾದಿನಲ್ಲಾದರೆ ಸಾಧ್ಯವೇ ಇರಲಿಲ್ಲ. ವಾಡಿಯ ಮಾತು ಬೇರೆ. ಅಲ್ಲಿ ನಾನಾ ಊರಿನ, ನಾನಾ ಜಾತಿಯ ರೈಲ್ವೆ ಮಂದಿ. ಯಾರೂ ಯಾರನ್ನೂ ತಡೆದು ಕೇಳುತ್ತಿರಲಿಲ್ಲ.

ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ದಿನಾ ಸಂಜೆ ಕಲಿತೆ. ಕಚ್ಚೆ ಹಾಕಿ ಉಟ್ಟ ಸೀರೆ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಇವರು ಸೀಟು ಹಿಡಿದು ಹಿಂದೆ ಓಡಿ ಬರುತ್ತಿದ್ದರು. ಆದರೆ ಹೊತ್ತು ಮುಳುಗುವ ಮೊದಲೇ, ಇನ್ನೂ ಸಾಕಷ್ಟು ಬೆಳಕಿರುವಾಗಲೇ, ಕತ್ತಲಾಯಿತು, ಇನ್ನು ಸಾಕು ಎಂದು ನಿಲ್ಲಿಸಿಬಿಡುತ್ತಿದ್ದರು. ನಾನು ಬಿದ್ದೇನೆಂಬ ಅಂಜಿಕೆ ಇವರಿಗೆ ಎಂದುಕೊಂಡಿದ್ದೆ.

ಸಂಕ್ರಾಂತಿಗೆ ಇನ್ನೊಂದು ವಾರ ಇತ್ತು. ಒಂದು ದಿನ ಬಂದವರೇ ಹದಿನೈದು ದಿನ ರಜೆ ಹಾಕಿದ್ದೇನೆ ಅಂದರು. ಚಿಂಚೋಳಿಯ ಆಚೆ ಐನಾಪುರದಲ್ಲಿ ಇವರ ಕಾಕಾ, ಅಂದರೆ ನಮ್ಮ ಮಾವನ ತಮ್ಮ, ಹನುಮಪ್ಪನ ಗುಡಿಯ ಪೂಜೆ ಮಾಡಿಕೊಂಡಿದ್ದರು. ಅವರನ್ನು ಕಂಡು ಬರೋಣ, ಇಬ್ಬರೂ ಸೈಕಲ್ ಮೇಲೆ ಹೋಗೋಣ ಎಂದರು. ನಾನು ನಗೆಯಾಡುತ್ತಿದ್ದಾರೆ ಎಂದುಕೊಂಡೆ. ಸೇಡಂ ತನಕ ಪಾಸಿನ ಮೇಲೆ ರೈಲಿನಲ್ಲಿ ಹೋಗಬಹುದು, ಮುಂದೆ ಚಕ್ಕಡಿ ಸಿಗುತ್ತದೆ, ಸುಮ್ಮನೆ ಯಾಕೆ ಈ ಸಾಹಸ ಎಂದು ಕೇಳಿದೆ.

"ರೈಲಿನಾಗ ಕೂತ್ರ ಏನ್ ಕಾಣ್ತದ? ಎಲ್ಲಾ ಓಡಿ ಹೋಗ್ತದ," ಅಂದರು. "ನಂಗ ಒಂದ್ಸಲ ಎಲ್ಲಾ ಸಾವಕಾಶ ನೋಡ್ಬೇಕಾಗ್ಯದ."

ಮಗಳನ್ನು ಬಿಡಲು, ಸೈಕಲ್ಲುಗಳನ್ನೂ ರೈಲಿಗೆ ಹಾಕಿಕೊಂಡು, ಶಹಾಬಾದಿಗೆ ಹೋದೆವು. ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಊರ ಮಂದಿಗೆ ಮುಖ ಹೇಗೆ ತೋರಿಸುವುದು ಎಂದು ಮಾವನ ಮುಂದೆ ಅತ್ತರು. ಮಾವ ಬೈಯುತ್ತಾರೆಂದು ನಾನು ಕಾದಿದ್ದೆ. ಅವರು ಮಗನ ಮುಖವನ್ನೇ ಬಹಳ ಹೊತ್ತು ನೋಡಿ, "ಹೋಗಿ ಬರ್ಲಿ ಬಿಡು, ನನ್ನ ತಮ್ಮಗ ಖುಷಿ ಆಗ್ತದ" ಎಂದಷ್ಟೇ ಹೇಳಿ ಎದ್ದು ಒಳಗೆ ಹೋದರು. ಆ ನೋಟ ನನಗೆ ಸರಿಬರಲಿಲ್ಲ. ಏನೋ ಇದೆ ಅನ್ನಿಸಿತು. ಏನೆಂದು ಕೇಳುವ ಧೈರ್ಯವಾಗಲಿಲ್ಲ.

ಆಗ ಎರಡನೆಯ ಮಹಾ ಲಡಾಯಿಯ ಕಾಲ. ಪೆಟ್ರೋಲು ಇರಲಿಲ್ಲ. ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಒಂದೋ ಎರಡೋ ಬಸ್ಸುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಸೈಕಲ್ಲಿನ ಟೈರು ಟ್ಯೂಬು ಬಂಗಾರದಂತೆ. ಒಂದು ಹಳೆ ಟ್ಯೂಬು, ಪಂಪು, ಪಂಕ್ಚರಿನ ತೇಪೆ, ಎರಡು ಜೊತೆ ಬಟ್ಟೆ, ಅವಲಕ್ಕಿ, ಬೆಲ್ಲ, ಚಟ್ನಿಪುಡಿ, ಒಂದು ತಂಬಿಗೆ, ಹಗ್ಗ, ಇಷ್ಟು ಕಟ್ಟಿಕೊಂಡು ಹೊರಟೆವು. ಅತ್ತೆ ನೋಡಬಾರದೆಂದು ಊರ ಸೀಮೆ ದಾಟುವವರೆಗೆ ನಾನು ಸೈಕಲ್ಲನ್ನು ನಡೆಸಿಕೊಂಡೇ ಹೋದೆ.

ಮೊದಲ ದಿನ ವಾಡಿಯ ಮೇಲೆ ಹಾದು ಚಿತ್ತಾಪುರಕ್ಕೆ. ಹಾದಿಯ ಎರಡೂ ಕಡೆ ಕಲ್ಲಿನ ಗಣಿ. ಫರಸಿ ಕಲ್ಲು ಹೇರಿಕೊಂಡ ಗಾಡಿಗಳು ಸಾಲಾಗಿ ಬರುತ್ತಿದ್ದವು. ನಾನು ಹಿಂದೆ, ಇವರು ಮುಂದೆ. ಒಂದು ಕಡೆ ಎಡಗಡೆಯ ಗಣಿಯಿಂದ ಒಂದು ಗಾಡಿ ದೊಡ್ಡ ಹಾದಿಗೆ ಏರುತ್ತಿತ್ತು. ಗಾಡಿಯವನು ಕೂಗಿದ. ಇವರು ಕತ್ತು ತಿರುಗಿಸದೆ, ವೇಗ ಕಡಿಮೆ ಮಾಡದೆ, ಎತ್ತುಗಳ ಮೂಗಿನ ಮುಂದೆಯೇ ಹಾದು ಹೋದರು. ಎತ್ತುಗಳು ಬೆದರಿ ಹಿಂದೆ ಸರಿದು ಎರಡು ಕಲ್ಲು ಜಾರಿ ಬಿದ್ದು ಒಡೆದವು. ಗಾಡಿಯವನು, ಕಣ್ಣು ಎಲ್ಲಿಟ್ಟು ಹೊಂಟೀರಿ ಎಂದು ರೇಗಿದ. ಇವರು ಇಳಿದು ತಪ್ಪಾಯಿತೆಂದು ಕೈಮುಗಿದರು. ನಾನು ಕೇಳಿದಾಗ ಯಾವುದೋ ಯೋಚನೆಯಲ್ಲಿದ್ದೆ ಎಂದರು.

ಚಿತ್ತಾಪುರದಲ್ಲಿ ಪರಿಚಯದ ಮಾಸ್ತರರೊಬ್ಬರ ಮನೆಯಲ್ಲಿ ತಂಗಿದೆವು. ಮರುದಿನ ಮಳಖೇಡದ ದಾರಿ ಹಿಡಿದೆವು. ಅದು ಹಾದಿಯಲ್ಲ, ಕರಿ ಎರಿಮಣ್ಣಿನಲ್ಲಿ ಚಕ್ಕಡಿ ಹಾದು ಹಾದು ಬಿದ್ದ ಎರಡು ಆಳದ ಜಾಡು. ಮಳೆಗಾಲದ ಕೆಸರು ಒಣಗಿ ಕಲ್ಲಾಗಿತ್ತು. ಎರಡು ಜಾಡಿನ ನಡುವಿನ ದಿಬ್ಬದ ಮೇಲೆ ಸೈಕಲ್ ಹೊಡೆಯಬೇಕು. ಹೊಸದಾಗಿ ಕಲಿತ ನಾನು ಬೀಳದೆ ಹೋದೆ. ಹದಿನೈದು ವರ್ಷದಿಂದ ಸೈಕಲ್ ಹೊಡೆಯುವ ಇವರು ಎರಡು ಸಲ ಬಿದ್ದರು. ಬಿಳಿಜೋಳ ಆಳೆತ್ತರ ನಿಂತು ತೆನೆಗೆ ಹಾಲು ತುಂಬಿತ್ತು. ಅಲ್ಲಲ್ಲಿ ಹೊಲದವರು ಕರೆದು ಸೀತನಿ ಕೊಟ್ಟರು. ಎಳೆ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು ಬಡಿದ ಆ ಬಿಸಿ ಕಾಳನ್ನು ಬೆಲ್ಲದೊಂದಿಗೆ ತಿನ್ನುತ್ತ ಇವರು ಒಂದೊಂದು ಹೊಲವನ್ನೂ, ಒಂದೊಂದು ಗಿಡವನ್ನೂ ನಿಂತು ದಿಟ್ಟಿಸಿದರು. ಊರು ಬಿಟ್ಟು ಹೋಗುವವರು ಮನೆಯನ್ನು ನೋಡುವ ಹಾಗೆ.

ಕಾಗಿಣಾ ಹೊಳೆಗೆ ಬಂದಾಗ ಸೂರ್ಯ ಇಳಿದಿದ್ದ. ನೀರು ಮೊಣಕಾಲಿನ ಮಟ್ಟ. ಸೈಕಲ್ಲುಗಳನ್ನು ಒಂದೊಂದಾಗಿ ದಾಟಿಸಬೇಕು. ದಿನಾ ನನ್ನ ಕೈ ಹಿಡಿಯಲು ನಾಚುವ ಮನುಷ್ಯ, ಆ ಕಡೆ ಬಟ್ಟೆ ಒಗೆಯುವ ಹೆಂಗಸರು ನೋಡುತ್ತಿರುವಾಗಲೇ ನನ್ನ ತೋಳು ಗಟ್ಟಿಯಾಗಿ ಹಿಡಿದು ಹೊಳೆಗಿಳಿದರು. ಬಂಡೆಗಲ್ಲುಗಳ ಮೇಲೆ ಕಾಲಿನಿಂದ ತಡಕಾಡಿ ತಡಕಾಡಿ ಹೆಜ್ಜೆ ಇಟ್ಟರು. ಆಮೇಲೆ ದೀಪ ಹಚ್ಚಿದ ಹೊತ್ತಿನಲ್ಲಿ ಮಳಖೇಡದ ಮಠದಲ್ಲಿ ಸ್ವಾಮಿಗಳ ಬೃಂದಾವನಕ್ಕೆ ಪ್ರದಕ್ಷಿಣೆ ಹಾಕುವಾಗ ಎದುರಿಗೆ ತುಂಬಿದ ಕೊಡ ಹೊತ್ತು ಬರುತ್ತಿದ್ದ ಒಬ್ಬ ಮುದುಕಿಗೆ ಡಿಕ್ಕಿ ಹೊಡೆದರು. ಅವಳ ಮಡಿ ನೀರು ಚೆಲ್ಲಿತು. ಅವಳು ಗೊಣಗಿದಳು. ಇವರು ಅವಳಿದ್ದ ಕಡೆ ಬಿಟ್ಟು ಬೇರೆ ಕಡೆ ತಿರುಗಿ ಕ್ಷಮೆ ಕೇಳಿದರು. ದಣಿವು ಎಂದು ನನಗೆ ಹೇಳಿದರು. ನಾನು ಹೂಂ ಎಂದೆ. ರಾತ್ರಿ ಮಠದ ಚಾಪೆಯ ಮೇಲೆ ಮಲಗಿ ಗಾಡಿ, ಬಿದ್ದದ್ದು, ಮುದುಕಿ ಎಲ್ಲವನ್ನೂ ಒಂದಕ್ಕೊಂದು ಕೂಡಿಸಿ ನೋಡಿದೆ.

ಸೇಡಂ ಹಾದಿಯಲ್ಲಿ, ಮೂರನೆಯ ದಿನ, ನಾನು ಇವರನ್ನು ಪರೀಕ್ಷೆ ಮಾಡಿದೆ. ಈಗ ನೆನೆದರೂ ನಾಚಿಕೆಯಾಗುತ್ತದೆ. ಬೆಳ್ಳಂಬೆಳಗಿನ ಬಿಸಿಲು ಇತ್ತು. ಎದುರುಗಾಳಿ ಬೀಸುತ್ತಿತ್ತು, ಹಿಂದಿನ ಸಪ್ಪಳ ಮುಂದೆ ಕೇಳುತ್ತಿರಲಿಲ್ಲ. ಅಲ್ಲಿ ಹಾದಿ ಅಗಲವಾಗಿತ್ತು. ಜೋರಾಗಿ ತುಳಿದು ಇವರ ಎಡಗಡೆಗೆ ಬಂದೆ. ಕೈ ಚಾಚಿದರೆ ಭುಜ ಮುಟ್ಟುವಷ್ಟು ಹತ್ತಿರ. ಒಂದಷ್ಟು ದೂರ ಹಾಗೆಯೇ ಬಂದೆ. ಇವರು ಮುಂದೆ ನೋಡುತ್ತಲೇ ದನಿ ಎತ್ತರಿಸಿ ಕೂಗಿದರು.

"ಭಾಳ ಹಿಂದ ಉಳದಿಯೇನು? ನಿಂದ್ರಲೇನು?"

ಇಳಿದು ನಿಂತೆ. ಇವರು ಸ್ವಲ್ಪ ಮುಂದೆ ಹೋಗಿ ತಾವೂ ನಿಂತು, ತಲೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ನನ್ನನ್ನು ಹುಡುಕಿ ಕಂಡರು.

"ನಾ ನಿಮ್ಮ ಬಾಜೂಕೇ ಇದ್ದೆ," ಎಂದೆ.

ಒಂದು ಬೇವಿನ ಗಿಡದ ಕೆಳಗೆ ಸೈಕಲ್ಲುಗಳನ್ನು ಮಲಗಿಸಿ ಕುಳಿತೆವು. ಆಗ ಎಲ್ಲ ಹೇಳಿದರು. ಎರಡು ವರ್ಷದ ಹಿಂದೆ ಶುರುವಾದದ್ದು. ಮೊದಲು ಸಂಜೆ ಹೊತ್ತು ಕಾಣದಾಯಿತು. ಆಮೇಲೆ ಹಗಲಿನಲ್ಲೂ ಬದಿಗಿರುವುದು ಕಾಣದಾಯಿತು. ನೆಟ್ಟಗೆ ನೋಡಿದ್ದು ಮಾತ್ರ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಸಣ್ಣಕ್ಷರ ಓದುತ್ತಾರೆ, ಡಬ್ಬಿಯ ನಂಬರು ಓದುತ್ತಾರೆ, ರೈಲ್ವೆಯ ಕಣ್ಣಿನ ಪರೀಕ್ಷೆಯಲ್ಲಿ ಪಾಸಾಗಿದ್ದಾರೆ. ಬೊಂಬಿನ ಕೊಳವೆಯೊಳಗಿಂದ ನೋಡಿದ ಹಾಗೆ ಎಂದು ಎರಡೂ ಕೈಯಿಂದ ಕಣ್ಣಿಗೆ ಕೊಳವೆ ಮಾಡಿ ತೋರಿಸಿದರು. ದೀಪಾವಳಿಯ ಮುಂದೆ ಯಾರ್ಡಿನಲ್ಲಿ ಶಂಟಿಂಗ್ ಮಾಡುವಾಗ ಎಂಜಿನು ತಳ್ಳಿಬಿಟ್ಟ ಒಂದು ಡಬ್ಬಿ ಸಪ್ಪಳವಿಲ್ಲದೆ ಬದಿಯಿಂದ ಉರುಳಿ ಬಂದಿತ್ತಂತೆ. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಅಂಗಿ ಹಿಡಿದು ಎಳೆಯದಿದ್ದರೆ ಅಂದೇ ಮುಗಿಯುತ್ತಿತ್ತು. ಆ ಅಂಗಿ ಹೇಗೆ ಹರಿಯಿತೆಂದು ನಾನು ಕೇಳಿದ್ದೆ. ಮೊಳೆಗೆ ಸಿಕ್ಕಿತು ಎಂದು ಸುಳ್ಳು ಹೇಳಿದ್ದರು. ನಾನೇ ಕೂತು ಅದಕ್ಕೆ ಹೊಲಿಗೆ ಹಾಕಿದ್ದೆ.

ಐನಾಪುರದ ಕಾಕಾ ಕುರುಡರು. ಅದು ನನಗೆ ಗೊತ್ತಿತ್ತು. ಹುಟ್ಟು ಕುರುಡೆಂದು ಮಾತ್ರ ತಿಳಿದಿದ್ದೆ. ಹಾಗಲ್ಲ, ಇದೇ ರೋಗ ಎಂದು ಅಂದು ಗೊತ್ತಾಯಿತು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎರಡು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಹೇಳದೆ ಉಳಿದರಲ್ಲ ಎಂದು. ಅದರ ಬೆನ್ನಿಗೆ ಮಗಳ ಮುಖ ಕಣ್ಣ ಮುಂದೆ ಬಂತು. ಮಾವನ ತಮ್ಮನಿಗೆ ಇತ್ತು, ಇವರಿಗೆ ಬಂತು. ಇನ್ನು ಮುಂದೆ? ಅದನ್ನು ಬಾಯಿಬಿಟ್ಟು ಕೇಳಿದೆ. ಇವರು ಮುಖ ಮುಚ್ಚಿಕೊಂಡರು. ಗೊತ್ತಿಲ್ಲ, ಅದನ್ನು ಕೇಳಲಿಕ್ಕೇ ಹೊರಟಿದ್ದೇನೆ ಎಂದರು.

ಸೇಡಂ ಸೇರಿ ಧರ್ಮಶಾಲೆಯಲ್ಲಿ ಇಳಿದೆವು. ಇಲ್ಲಿಂದಲೇ ರೈಲು ಹತ್ತಿ ಹಿಂದಕ್ಕೆ ಹೋಗೋಣ ಎಂದು ನಾನು ಹಟ ಹಿಡಿದೆ. ಇವರು ಮೆಲ್ಲಗೆ ಅಂದರು: "ಕಾಕಾನ್ನ ನೋಡ್ದಂಗ ನಾ ಹ್ಯಾಂಗ ಹೊಳ್ಳಿ ಹೋಗ್ಲಿ? ಮುಂದ ನಾ ಹ್ಯಾಂಗ ಇರಾಂವ ಇದ್ದೀನಿ ಅಂತ ಒಂದ್ಸಲ ಕಣ್ಣಿಲೆ ನೋಡ್ಕೋತೀನಿ. ಕಣ್ಣ ಇರೋದ್ರಾಗ."

ನಾನು ಒಪ್ಪಿದೆ. ಎರಡು ಕರಾರು ಹಾಕಿದೆ. ಇನ್ನು ಮುಂದೆ ನಾನು ಮುಂದೆ, ಅವರು ಹಿಂದೆ. ಮತ್ತು ಬಿಸಿಲು ಹಳದಿಗೆ ತಿರುಗುವ ಮೊದಲೇ ಎಲ್ಲಿದ್ದರೆ ಅಲ್ಲೇ ಇಳಿಯಬೇಕು.

ಹಿಂದಿರುವ ಮನುಷ್ಯನನ್ನು ಕಾಯುತ್ತ ಮುಂದೆ ಸೈಕಲ್ ಹೊಡೆಯುವುದು ಎಷ್ಟು ಕಷ್ಟವೆಂದು ಚಿಂಚೋಳಿಯ ದಾರಿಯಲ್ಲಿ ತಿಳಿಯಿತು. ತಿರುಗಿ ನೋಡಿದರೆ ನನ್ನ ಗಾಲಿ ಓರೆಯಾಗುತ್ತಿತ್ತು. ನೋಡದಿದ್ದರೆ ಜೀವ ಕೈಯಲ್ಲಿ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಇವರು ಆಗಾಗ ಬೆಲ್ ಬಾರಿಸುತ್ತಿರಬೇಕು. ತಗ್ಗು ಬಂದರೆ ನಾನು ಕುಣಿ ಎನ್ನಬೇಕು, ಕಲ್ಲು ಬಂದರೆ ಕಲ್ಲು, ದನ ಬಂದರೆ ದನ. ಹಾಗೆ ಬೆಲ್ ಕೇಳುತ್ತ, ಕುಣಿ ಕಲ್ಲು ಎಂದು ಕೂಗುತ್ತ ಹೋದೆವು. ಹಾದಿಯಲ್ಲಿ ಸಿಕ್ಕ ಮಂದಿ ನಿಂತು ನೋಡಿದರು. ಒಂದು ಹಳ್ಳಿಯ ಪೊಲೀಸ್ ಪಾಟೀಲ ತಡೆದು ನಿಲ್ಲಿಸಿ, ಯಾವ ಊರು, ಯಾರ ಪೈಕಿ, ಈ ಹೆಣ್ಣುಮಗಳು ನಿಮಗೇನಾಗಬೇಕು ಎಂದೆಲ್ಲ ಕೇಳಿದ. ರೈಲ್ವೆ ಪಾಸು ತೋರಿಸಿದ ಮೇಲೆ ಬಿಟ್ಟ. ಬಿಟ್ಟರೂ ಕಣ್ಣು ಮರೆಯಾಗುವವರೆಗೆ ನಮ್ಮನ್ನೇ ನೋಡುತ್ತ ನಿಂತಿದ್ದ. ಬೇರೆ ದಿನವಾದರೆ ನಾನು ನಾಚಿ ಸಾಯುತ್ತಿದ್ದೆ. ಅಂದು ನನಗೆ ಅವನ ಮಾತಿಗಿಂತ ಹಿಂದಿನ ಬೆಲ್ಲೇ ಮುಖ್ಯವಾಗಿತ್ತು.

ಮಧ್ಯಾಹ್ನ ಇಳಿಯುತ್ತಿತ್ತು. ಒಂದು ಹಳ್ಳದ ಮೇಲೆ ಕಟ್ಟಿದ ಸಣ್ಣ ಮೋರಿ ಬಂತು. ಎರಡೂ ಕಡೆ ಗೋಡೆ ಇರಲಿಲ್ಲ. ನಾನು, ಮೋರಿ ಬಂತು, ನಡುವೆ ಬರ್ರಿ ಎಂದು ಕೂಗಿ ದಾಟಿದೆ. ಮುಂದೆ ಏರು ಇತ್ತು. ತುಳಿಯುವುದರಲ್ಲಿ ಮೈಮರೆತೆ. ಏರು ಮುಗಿದ ಮೇಲೆ ಬೆಲ್ ಕೇಳಿಸಿ ಬಹಳ ಹೊತ್ತಾಯಿತು ಎಂಬುದು ಹೊಳೆಯಿತು. ಹಿಂದೆ ನೋಡಿದರೆ ಹಾದಿ ಖಾಲಿ.

ಸೈಕಲ್ ಬಿಸಾಡಿ ಇಳಿಜಾರಿನಲ್ಲಿ ಓಡಿದೆ. ಕೂಗಿದೆ. ಹೆಸರು ಹಿಡಿದು ಕೂಗಿದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಮೋರಿಯ ಕೆಳಗೆ ಒಣಗಿದ ಹಳ್ಳದಲ್ಲಿ ಬಾರಿಯ ಮುಳ್ಳಿನ ಪೊದೆಯ ಮೇಲೆ ಬಿದ್ದಿದ್ದರು. ಸೈಕಲ್ ಅವರ ಮೇಲಿತ್ತು. ಹಣೆ ಒಡೆದು ರಕ್ತ ಕಣ್ಣಿಗೆ ಇಳಿದಿತ್ತು. ಆ ರಕ್ತ ಕಂಡು, ಇದ್ದಷ್ಟು ಕಣ್ಣೂ ಇಂದೇ ಹೋದವು ಎಂದು ನಾನು ಚೀರಿದೆ.

ಹತ್ತಿರದ ಹೊಲದಲ್ಲಿ ಒಬ್ಬ ಒಕ್ಕಲಿಗ ಮತ್ತು ಅವನ ಹೆಂಡತಿ ತೊಗರಿ ಕೊಯ್ಯುತ್ತಿದ್ದರು. ನನ್ನ ಕೂಗು ಕೇಳಿ ಬಂದರು. ಇಬ್ಬರೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ನಡುವಯಸ್ಸಿನವರು. ಅವನು ಇವರನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಹೊಲದ ಗುಡಿಸಿಲಿಗೆ ತಂದ. ಅವಳು ನೀರಿನಿಂದ ಕಣ್ಣು ಒರೆಸಿದಳು. ಕಣ್ಣಿಗೆ ಏನೂ ಆಗಿರಲಿಲ್ಲ. ಗಾಯಕ್ಕೆ ಅರಿಶಿನ ಮೆತ್ತಿ ತನ್ನ ಸೆರಗಿನ ತುದಿ ಹರಿದು ಕಟ್ಟಿದಳು. ಎಡ ಮಣಿಕಟ್ಟು ಊದಿಕೊಂಡಿತ್ತು. ಮೈತುಂಬ ಮುಳ್ಳು. ಒಂದೊಂದಾಗಿ ಪಿನ್ನಿನಿಂದ ತೆಗೆದಾದ ಮೇಲೆ ಅವಳು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು.

"ಯವ್ವಾ, ನಿಮ್ಮವರಿಗಿ ಕಣ್ಣ ಮಂಜ ಅದ ಏನು? ನಾ ನೀರಿನ ಚರಗಿ ಬಾಜೂಕ ಇಟ್ರ ಕೈಯಿಲೆ ಹುಡುಕಾಕತ್ತಾರ."

ಎರಡು ವರ್ಷ ನಾನು ಕಾಣದ್ದನ್ನು ಅವಳು ಒಂದು ಗಳಿಗೆಯಲ್ಲಿ ಕಂಡಿದ್ದಳು. ಹೌದು ಎಂದೆ. ಬೇರೆಯವರ ಮುಂದೆ ಹೌದು ಎಂದದ್ದು ಅದೇ ಮೊದಲು. ಆಗ ಅಳು ಬಂತು. ಅಳುವುದು ಮುಗಿಯುವವರೆಗೆ ಅವಳು ಪಕ್ಕಕ್ಕೆ ಕೂತಿದ್ದಳು. ಆಮೇಲೆ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಇಟ್ಟಳು. ನೀವು ಉಣ್ಣುವವರೋ ಅಲ್ಲವೋ ಗೊತ್ತಿಲ್ಲ ಎಂದು ಅನುಮಾನಿಸಿದಳು. ನಮ್ಮ ಮನೆಯಲ್ಲಿ ಹೊರಗಿನ ಅಡಿಗೆ ಉಣ್ಣುವ ಪದ್ಧತಿಯೇ ಇಲ್ಲ. ನಾನು ಕೈ ತೊಳೆದು ಉಂಡೆ. ಇವರಿಗೂ ತುತ್ತು ಮಾಡಿ ಉಣಿಸಿದೆ. ಹಸಿವು ಅಷ್ಟಿತ್ತು.

ಮುಂದಿನ ಗಾಲಿ ಸೊಟ್ಟಗಾಗಿ ಹೋಗಿತ್ತು. ಒಕ್ಕಲಿಗ ಅದನ್ನು ಎರಡು ಕಲ್ಲಿನ ನಡುವೆ ಇಟ್ಟು ಕಾಲಿನಿಂದ ತುಳಿದು ತುಳಿದು ತಿರುಗುವಷ್ಟು ನೆಟ್ಟಗೆ ಮಾಡಿದ. ಎರಡು ದಿನ ಅವರ ಮನೆಯ ಪಡಸಾಲೆಯಲ್ಲಿ ಉಳಿದೆವು. ಮೂರನೆಯ ದಿನ ಹೇಗೂ ಚಿಂಚೋಳಿಗೆ ಹೊರಟ ಅವರ ಗಾಡಿಯಲ್ಲಿ ಸೈಕಲ್ಲುಗಳನ್ನು ಹೇರಿ, ಇವರನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು ಹೋದೆವು. ಚಿಂಚೋಳಿಯಲ್ಲಿ ಒಕ್ಕಲಿಗ ನಮ್ಮನ್ನು ಇಳಿಸಿ, ಏನೂ ತೆಗೆದುಕೊಳ್ಳದೆ, ಹುಷಾರಾಗಿ ಹೋಗ್ರಿ ಎಂದು ಗಾಡಿ ತಿರುಗಿಸಿದ.

ಅಲ್ಲಿಂದ ಮುಲ್ಲಾಮಾರಿ ಹೊಳೆ ದಾಟಿದ ಮೇಲೆ ಮಣ್ಣಿನ ಬಣ್ಣವೇ ಬೇರೆ. ಕೆಂಪು ಮಣ್ಣು, ಏರು, ದೂರಕ್ಕೆ ಅಡವಿ. ಸೈಕಲ್ ತಳ್ಳುತ್ತ ನಡೆದೆವು. ಇವರದನ್ನು ಇವರು ಒಂದೇ ಕೈಯಿಂದ ತಳ್ಳುತ್ತಿದ್ದರು. ಒಂದು ಕಡೆ ಇವರು ನಿಂತು, ಅಡವಿಯ ಕಡೆ ಮುಖ ಮಾಡಿ, ಇದು ನಂಗೆ ನೆನಪಿನಲ್ಲಿ ಉಳಿಯುತ್ತದೆಯೇ ಎಂದು ಕೇಳಿದರು. ನಾನು ಉಳಿಯುತ್ತದೆ ಎಂದೆ. ನನಗೇನು ಗೊತ್ತು?

ಐನಾಪುರ ಸೇರಿದಾಗ ಬಿಸಿಲಿತ್ತು. ಕಾಕಾ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ತುಳಸಿ ಮಾಲೆ ಕಟ್ಟುತ್ತಿದ್ದರು. ಬಡಕಲು ಮೈ, ಬಿಳಿ ಗಡ್ಡ. ಕೈ ಮಾತ್ರ ಚುರುಕು. ಇವರು ನಮಸ್ಕಾರಕ್ಕೆ ಬಾಗುವಾಗ ಪಕ್ಕದಲ್ಲಿದ್ದ ತಾಮ್ರದ ತಂಬಿಗೆಗೆ ಕಾಲು ತಾಗಿ ಅದು ಉರುಳಿ ಕಟ್ಟೆಯಿಂದ ಕೆಳಗೆ ಬಿತ್ತು. ಇವರು ತಮ್ಮ ಗುರುತು ಹೇಳಿದರು. ಕಾಕಾ ಮಾಲೆ ಬಿಟ್ಟರು. ತಲೆ ಮೇಲೆ ಕೈ ಇಟ್ಟು, ಹಣೆಯ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಮನೆಯವರ ಕ್ಷೇಮ ಕೂಡ ಕೇಳದೆ ಕೇಳಿದರು.

"ನಿಂಗ ಎಷ್ಟ್ ವರ್ಷ ಆತು?"

"ಎರಡು," ಅಂದರು ಇವರು.

"ಸಂಜೀದ್ದು ಮೊದ್ಲ ಹೋತು. ಈಗ ಬಾಜೂದ್ದು ಹೋಗ್ಲಿಕತ್ತದ. ಹೌದಲ್ಲ?"

ಇವರು ಹೂಂಗುಟ್ಟಿದರು. ಕಾಕಾ ಆಕಾಶಕ್ಕೆ ಮುಖ ಮಾಡಿದರು. ಅವರ ಕಣ್ಣಿನಲ್ಲಿ ನೀರು ಬಂತು. ಕಾಣದ ಕಣ್ಣಿನಲ್ಲೂ ನೀರು ಬರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎರಡು ದಿನ ಇದ್ದೆವು. ಕಾಕಾ ದೊಡ್ಡ ಜ್ಞಾನಿಯೇನಲ್ಲ. ನಶ್ಯದ ಡಬ್ಬಿ ಇಟ್ಟ ಜಾಗದಲ್ಲಿ ಇಲ್ಲದಿದ್ದರೆ ಮನೆ ತಲೆಕೆಳಗು ಮಾಡುವ ಸಿಡುಕು ಮನುಷ್ಯ. ಆದರೆ ಬಾವಿಯಿಂದ ತಾವೇ ನೀರು ಸೇದುತ್ತಿದ್ದರು. ಗುಡಿಗೆ ತಾವೇ ಹೋಗುತ್ತಿದ್ದರು. ದೇವರಿಗೆ ಗಂಧ ಹಚ್ಚುವಾಗ ಕೈ ತಪ್ಪುತ್ತಿರಲಿಲ್ಲ. ಇವರು ಅವರ ಹಿಂದೆಯೇ ತಿರುಗಿದರು. ಅವರು ಕಾಲು ಹೇಗೆ ಇಡುತ್ತಾರೆ, ಊಟಕ್ಕೆ ಕೂತಾಗ ಎಲೆಯನ್ನು ಹೇಗೆ ತಡವಿ ಅನ್ನ ಎಲ್ಲಿ ಸಾರು ಎಲ್ಲಿ ತಿಳಿಯುತ್ತಾರೆ ಎಂದು ನೋಡಿದರು. ಮೂವತ್ತಕ್ಕೆ ಶುರುವಾದದ್ದು, ದೀಪದ ಬೆಳಕೂ ಕಾಣದಂತಾಗಲು ಹದಿನೆಂಟು ವರ್ಷ ಹಿಡಿಯಿತು ಎಂದು ಕಾಕಾ ಹೇಳಿದರು. ಯಾರ್ಡಿನ ಡಬ್ಬಿಯ ಸಂಗತಿ ಕೇಳಿದಾಗ ಮಾತ್ರ ರೇಗಿದರು. ಹೋದ ಕೂಡಲೇ ಸಾಹೇಬರಿಗೆ ಖರೇ ಹೇಳು, ನೌಕರಿ ಹೋದರೆ ಹೋಗಲಿ, ಗಾಲಿಯ ಕೆಳಗೆ ಸತ್ತರೆ ಈ ಹುಡುಗಿಯ ಗತಿ ಏನು ಎಂದರು.

ನಾನು ಅಡಿಗೆಮನೆಯಲ್ಲಿ ಕಾಕಾನ ಹೆಂಡತಿ ಕಾಕುವಿನ ಹತ್ತಿರ ಕೂತೆ. ಕೇಳಬೇಕಾದದ್ದನ್ನು ಹೇಗೆ ಕೇಳಲಿ ಎಂದು ತಿಳಿಯದೆ ಬೇಳೆ ಆರಿಸಿದ್ದನ್ನೇ ಆರಿಸುತ್ತಿದ್ದೆ. ಅವರೇ ಮಾತು ತೆಗೆದರು. ತಮಗೆ ಇಬ್ಬರು ಗಂಡುಮಕ್ಕಳು, ಹಿರಿಯನಿಗೆ ಏನೂ ಇಲ್ಲ, ಸಣ್ಣವನಿಗೆ ಹೋದ ವರ್ಷದಿಂದ ಸಂಜೆ ಹೊತ್ತು ಕಾಣದಾಗಿದೆ ಎಂದರು. ಅವನಿಗೆ ಹತ್ತೊಂಬತ್ತು. ನನ್ನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು.

"ನಮ್ಮ ಮನೀ ಹೆಣ್ಮಕ್ಕಳಿಗೆ ಬರಂಗಿಲ್ಲಂತ ಹಿರಿಯರು ಅಂತಿದ್ರು," ಎಂದರು ಕಾಕು. "ಖರೇನೋ ಸುಳ್ಳೋ, ನಾ ಹ್ಯಾಂಗ ಹೇಳ್ಲಿ? ಒಂದ್ ಮಾತು ಹೇಳ್ತೀನಿ ಕೇಳು. ಅವರ ಕಣ್ಣ ಪೂರಾ ಹೋದಮ್ಯಾಲೆ ನಂಗ ಅಷ್ಟು ತ್ರಾಸ ಆಗ್ಲಿಲ್ಲ. ಹೋಗ್ತಾವ, ಹೋಗ್ತಾವ ಅಂತ ಹದಿನೆಂಟ್ ವರ್ಷ ಕಾಯ್ದೆ ನೋಡು, ಅದು ಭಾಳ ಕಠಿಣ. ನೀ ಹಂಗ ಕಾಯಬ್ಯಾಡ."

ಆ ಮಾತನ್ನು ನಡೆಸಬೇಕೆಂದು ನಾನು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ.

ಬರುವಾಗ ಕೊಡ್ಲಿ ಎಂಬ ಊರಿನ ಕಡೆಗೆ ಹೊರಟ ಗಾಡಿಯೊಂದು ಸಿಕ್ಕಿತು. ಅಲ್ಲಿಂದ ಇನ್ನೊಂದು ಗಾಡಿ ಹಿಡಿದು ಸೇಡಂ, ಸೇಡಮ್ಮಿನಿಂದ ರೈಲು. ಸೈಕಲ್ಲುಗಳು ಗಾರ್ಡಿನ ಡಬ್ಬಿಯಲ್ಲಿ ಬಂದವು. ಇವರು ಕಿಟಕಿಯ ಪಕ್ಕ ಕೂತಿದ್ದರು, ಹೊರಗೆ ನೋಡಲಿಲ್ಲ. ವಾಡಿಯಲ್ಲಿ ಇಳಿದವರು ಮನೆಗೂ ಬರದೆ ನೇರವಾಗಿ ಮೇಲಧಿಕಾರಿಯ ಬಳಿ ಹೋದರು. ನಾನು ಪ್ಲಾಟ್‌ಫಾರ್ಮಿನಲ್ಲಿ ಸಾಮಾನಿನ ಮೇಲೆ ಕೂತು ಕಾದೆ. ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ, ನನಗೆ ಒಂದು ದಿನದಂತೆ ಅನ್ನಿಸಿತು. ಬಂದು, ನೌಕರಿ ಹೋಗಲಿಲ್ಲ, ಟಿಕೆಟ್ ಕೊಡುವ ಕೋಣೆಗೆ ಹಾಕುತ್ತಾರಂತೆ, ಹಗಲು ಪಾಳಿಯೇ ಕೊಡುತ್ತಾರಂತೆ ಎಂದರು. ಆ ಅಧಿಕಾರಿ ತನ್ನ ತಾಯಿಗೂ ಕಣ್ಣಿಲ್ಲ ಎಂದನಂತೆ.

ಮುಂದೆ ಹೈದರಾಬಾದಿನ ದೊಡ್ಡ ದವಾಖಾನೆಗೂ ಹೋದೆವು. ಅಲ್ಲಿಯ ಡಾಕ್ಟರರು ಕತ್ತಲ ಕೋಣೆಯಲ್ಲಿ ದೀಪ ಬಿಟ್ಟು ನೋಡಿ, ಇದಕ್ಕೆ ಔಷಧವಿಲ್ಲ, ಸುಳ್ಳು ಹೇಳುವುದಿಲ್ಲ ಎಂದರು. ಇವರು ಟಿಕೆಟಿನ ಕಿಂಡಿಯ ಹಿಂದೆ ಹನ್ನೊಂದು ವರ್ಷ ಕೆಲಸ ಮಾಡಿದರು. ಸಂಜೆ ನಾನು ಹೋಗಿ ಕೈ ಹಿಡಿದು ಕರೆತರುತ್ತಿದ್ದೆ. ಮೊದಮೊದಲು ಮಂದಿ ನೋಡಿ ನಕ್ಕರು, ಆಮೇಲೆ ರೂಢಿಯಾಯಿತು.

ಮಗಳನ್ನು ಮಾತ್ರ ನಾನು ಬಿಡಲಿಲ್ಲ. ದಿನಾ ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯಲ್ಲಿ ಒಂದು ಗಜಗದ ಕಾಯಿ ಉರುಳಿಸಿ, ತಗೊಂಡು ಬಾ ಎನ್ನುತ್ತಿದ್ದೆ. ಅವಳು ಓಡಿ ಹೋಗಿ ತರುತ್ತಿದ್ದಳು. ಆಟ ಎಂದುಕೊಂಡಿದ್ದಳು. ಒಂದೊಂದು ದಿನ ಬೇರೆ ಕಡೆ ಗಮನ ಇದ್ದು ಹುಡುಕಲು ತಡವಾದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಹನ್ನೆರಡು ವರ್ಷವಾದಾಗ, ನನ್ನ ಕಣ್ಣು ಚೆನ್ನಾಗಿವೆ ಅಮ್ಮ, ಇನ್ನು ಸಾಕು ಮಾಡು ಎಂದಳು. ಅವಳಿಗೆ ಯಾರು ಹೇಳಿದರೋ. ಅಂದಿನಿಂದ ಉರುಳಿಸುವುದನ್ನು ಬಿಟ್ಟೆ, ನೋಡುವುದನ್ನು ಬಿಡಲಿಲ್ಲ. ಅವಳ ಕಣ್ಣು ಇವತ್ತಿಗೂ ಸರಿಯಾಗಿವೆ.

ಇವರ ಕಣ್ಣು ಪೂರ್ತಿ ಹೋದದ್ದು ಯಾವ ದಿನ ಎಂದು ನನಗೆ ಗೊತ್ತಾಗಲೇ ಇಲ್ಲ. ಒಂದು ಬೇಸಿಗೆಯ ಮಧ್ಯಾಹ್ನ ಊಟಕ್ಕೆ ಬಡಿಸುತ್ತ, ಕಿಟಕಿ ತೆಗೆಯಲೇ, ಸೆಕೆ ಭಾಳ ಅದ ಎಂದು ಕೇಳಿದೆ. ಕಿಟಕಿ ಮುಚ್ಚಿದೆಯೇನು ಎಂದು ಇವರು ಕೇಳಿದರು. ನಾನು ಸೌಟು ಹಿಡಿದೇ ನಿಂತೆ. ಬೆಳಕು ಕಾಣುವುದು ನಿಂತು ನಾಲ್ಕು ತಿಂಗಳಾಯಿತು, ನೀನು ಅಂಜುತ್ತೀ ಎಂದು ಹೇಳಲಿಲ್ಲ ಎಂದರು. ಆಮೇಲೆ ಎಲೆಯ ಮೇಲೆ ಮೆಲ್ಲಗೆ ಬೆರಳು ಆಡಿಸಿ ಉಪ್ಪಿನಕಾಯಿ ಎಲ್ಲಿದೆ ನೋಡಿಕೊಂಡು, ಅನ್ನಕ್ಕೆ ಮಜ್ಜಿಗೆ ಹಾಕು ಎಂದರು. ನಾನು ಹಾಕಿದೆ.